ಆ ಮಡ್ಡಿ ಬಂಜರಾಗಿರಲಿಲ್ಲ

ನಾಲ್ಕು ವರ್ಷಗಳ ಹಿಂದೆ ನಾವು ಮೂವರು ಗೆಳೆಯರು ಸೇರಿ ಒಂದು ವರದಿ ಬರೆದಿದ್ದೆವು. ಆಗಷ್ಟೇ ಪತ್ರಿಕೋದ್ಯಮದ ಎಂ.ಎ. ಮುಗಿದಿತ್ತು. ಕಮಲಾಪುರ ತಾಲ್ಲೂಕಿನ ಒಂದು ಹಳ್ಳಿಯ ಗಾಯರಾಣದಲ್ಲಿ ತಗ್ಗು ತೋಡಿ ಸಸಿ ಹಚ್ಚಿದ ಸುದ್ದಿ ಅದು. ನಮ್ಮಲ್ಲೊಬ್ಬನ ಊರೇ. 'ಬಂಜರು ಮಡ್ಡಿಗೆ ಹಸಿರು ಸೀರೆ' ಎಂದು ತಲೆಬರಹ ಕೊಟ್ಟಿದ್ದೆವು. ಫೋಟೋ ಚಂದ ಬಂದಿತ್ತು. ಊರಿನ ವಾಟ್ಸ್ಆಪ್ ಗುಂಪಿನಲ್ಲಿ ಎಲ್ಲರೂ ಹಂಚಿಕೊಂಡರು. ಗಣೇಶನ ಹಬ್ಬಕ್ಕೆ ಹೋದಾಗ ಕರೆದು ಶಾಲು ಹೊದಿಸಿದರು.

ಆ ವರದಿಯಲ್ಲಿ ಸಸಿಗಳ ಲೆಕ್ಕ ಸರಿಯಿತ್ತು. ಹೆಸರುಗಳೂ ಸರಿಯಿದ್ದವು. ತಪ್ಪಿದ್ದು ಒಂದೇ ಪದ: ಬಂಜರು. ಆ ತಪ್ಪು ನಮಗೆ ಗೊತ್ತಾಗಿದ್ದು ಒಂದು ಮುಷ್ಟಿಯಷ್ಟಿರುವ ಹಕ್ಕಿಯಿಂದ, ಆ ಹಕ್ಕಿಯನ್ನು ಬಲ್ಲ ಒಬ್ಬ ಕುರಿ ಕಾಯುವ ಕಾಕಾನಿಂದ. ಅದನ್ನೇ ಇವತ್ತು ಬರೆಯುತ್ತಿದ್ದೇವೆ.

ಕಾಕಾ ಕೇಳಿದ ಪ್ರಶ್ನೆ

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಮೊದಲು ಸಿಗುವುದು ಕಪ್ಪು ಎರೆಹೊಲ. ಕಣ್ಣು ಹಾಯುವಷ್ಟು ದೂರ ತೊಗರಿ. ಮಹಾಗಾಂವ ಕ್ರಾಸ್ ದಾಟಿ ಕಮಲಾಪುರ ಹತ್ತಿರವಾದಂತೆ ನೆಲ ಏರಿಳಿಯುತ್ತದೆ, ಮಣ್ಣು ಕೆಂಪಾಗುತ್ತದೆ, ಕಲ್ಲು ಕಾಣಿಸುತ್ತದೆ. ತಗ್ಗಿನಲ್ಲಿ ನೀರಿರುವ ಕಡೆ ನಮ್ಮ ಹೆಸರಾಂತ ಕೆಂಪು ಬಾಳೆ. ಮೇಲೆ ನೀರು ನಿಲ್ಲದ ಕಡೆ ಮಡ್ಡಿ. ಅಲ್ಲಿ ಮೊಣಕಾಲುದ್ದ ಕರಡ, ಅಲ್ಲೊಂದು ಇಲ್ಲೊಂದು ಬಾರಿಕಂಟಿ, ಕವಳಿಕಂಟಿ, ಜಾಲಿ, ನಡುನಡುವೆ ಬರೀ ಗರಸು ನೆಲ. ಹೊರಗಿನವರಿಗೆ ಅಲ್ಲಿ ಏನೂ ಇಲ್ಲ ಅನ್ನಿಸುತ್ತದೆ. ಓದಿ ಬಂದ ನಮಗೂ ಹಾಗೇ ಅನ್ನಿಸಿತ್ತು.

ವರದಿ ಬಂದ ಮರುವರ್ಷ ಸಸಿಗಳು ಹೇಗಿವೆ ಎಂದು ನೋಡಲು ಅದೇ ಮಡ್ಡಿಗೆ ಹೋದೆವು. ಬದುಕಿದ ಸಸಿಗಳು ಸೊಂಟದೆತ್ತರ ಬಂದಿದ್ದವು. ಕುರಿ ಬಿಟ್ಟುಕೊಂಡು ಕಾಕಾ ಒಬ್ಬರು ಕಲ್ಲಿನ ಮೇಲೆ ಕೂತಿದ್ದರು. ನಮ್ಮನ್ನು ಗುರುತು ಹಿಡಿದರು.

"ನೀವೇ ಅಲ್ಲೇನು ಪೇಪರದಾಗ ಬರ್ದವರು?"

"ಹೌದ್ರೀ ಕಾಕಾ."

"ಬಂಜರು ಅಂತ ಬರ್ದೀರಲ್ಲ ತಮ್ಮಾ, ಯಾರಿಗಿ ಬಂಜರು ಅದು? ನನ್ನ ಕುರಿಗಿ ಬಂಜರಾ? ಬುರ್ಲಿಗಿ ಬಂಜರಾ?"

ನಾವು ನಕ್ಕೆವು. ಅವರು ನಗಲಿಲ್ಲ. ಕೋಲಿನಿಂದ ಸಸಿಯ ಸಾಲು ತೋರಿಸಿ ಹೇಳಿದರು: "ಮೊದಲ ಇಲ್ಲಿ ಕಾಲಿಟ್ರ ಭುರ್ರ್ ಅಂತ ಏಳ್ತಿದ್ವು. ಎದಿ ಧಸಕ್ ಅಂತಿತ್ತು. ಈಗ ದಿನಾ ಬರ್ತೀನಿ, ಒಂದೂ ಎದ್ದಿಲ್ಲ. ಆ ಕಡಿ ನಡೀರಿ, ತೋರಸ್ತೀನಿ."

ಆ ಕಡೆ ಎಂದರೆ ಇನ್ನೂ ತಗ್ಗು ತೋಡದೆ ಉಳಿದಿದ್ದ ಅರ್ಧ ಮಡ್ಡಿ. ನೂರು ಹೆಜ್ಜೆ ಹೋಗಿರಲಿಲ್ಲ, ಕಾಲ ಬುಡದಿಂದಲೇ ನೆಲ ಸಿಡಿದಂತಾಯಿತು. ಏಳೆಂಟು ಹಕ್ಕಿಗಳು ಒಮ್ಮೆಲೇ ಎದ್ದು, ಒಂದೊಂದು ಒಂದೊಂದು ದಿಕ್ಕಿಗೆ ಹಾರಿ, ಸ್ವಲ್ಪ ದೂರದಲ್ಲೇ ಹುಲ್ಲಿಗೆ ಬಿದ್ದು ಮಾಯವಾದವು. ನಮ್ಮಲ್ಲೊಬ್ಬಳು ಚೀರಿ ಮೊಬೈಲ್ ಕೈಬಿಟ್ಟಳು. ಕಾಕಾಗೆ ಆಗ ನಗು ಬಂತು.

"ತಡಿ ತಂಗಿ, ಸುಮ್ನ ಕೂಡು. ಈಗ ಒಂದಕೊಂದು ಕರೀತಾವ."

ಕೂತೆವು. ಹತ್ತು ನಿಮಿಷಕ್ಕೆ ಅಲ್ಲೊಂದು ಸಿಳ್ಳೆ, ಇಲ್ಲೊಂದು ಸಿಳ್ಳೆ. ಚೆದುರಿದ ಮನೆಮಂದಿ ಮತ್ತೆ ಕೂಡುತ್ತಿದ್ದರು.

ಯಾವುದು ಈ ಬುರ್ಲಿ?

ನಿಮ್ಮಲ್ಲಿ ಬಹಳ ಮಂದಿ ಇದನ್ನು ಕಂಡಿರುತ್ತೀರಿ. ಬುರ್ಲಿ, ಪುರ್ಲಿ, ಲಾವಕ್ಕಿ ಎಂದು ಕರೆಯುತ್ತಾರೆ. ನಮ್ಮ ಕಡೆ ಉರ್ದು ಮಾತಾಡುವವರು ಲವ್ವಾ ಅನ್ನುತ್ತಾರೆ. ಇದೇ ನೆಲದಲ್ಲಿರುವ ಇದಕ್ಕಿಂತ ದೊಡ್ಡದು ಗೌಜಲಕ್ಕಿ, ಅಂದರೆ ತೀತರ್. ಬೆಳಗಾದರೆ ಊರಿಗೆಲ್ಲ ಕೇಳುವಂತೆ ಕೂಗುವುದು ಆ ತೀತರ್. ಬುರ್ಲಿ ಗಲಾಟೆ ಮಾಡುವ ಹಕ್ಕಿಯಲ್ಲ. ಕೊಕ್ಕಿನಿಂದ ಬಾಲದ ತನಕ ಒಂದು ಗೇಣೂ ಇಲ್ಲ, ಹೆಚ್ಚೆಂದರೆ 17 ಸೆಂಟಿಮೀಟರ್. ಗಂಡಿನ ಎದೆಯ ಮೇಲೆ ಬಿಳಿ ಕಪ್ಪು ಗೆರೆ. ಹೆಣ್ಣು ಮಾಸಿದ ಇಟ್ಟಿಗೆ ಬಣ್ಣ. ಕೂತರೆ ಕಲ್ಲೋ ಹಕ್ಕಿಯೋ ಗೊತ್ತಾಗುವುದಿಲ್ಲ.

ಇವುಗಳಲ್ಲಿ ಎರಡು ಜಾತಿ. ಒಂದು ಕಲ್ಲುಮಡ್ಡಿಯದು, ಇಂಗ್ಲಿಷಿನಲ್ಲಿ ರಾಕ್ ಬುಷ್ ಕ್ವೇಲ್. ಇದಕ್ಕೆ 1832ರಲ್ಲಿ ವಿಜ್ಞಾನದ ಹೆಸರು ಕೊಟ್ಟವರು ದಖ್ಖನ್ ಬಯಲಿನ ಹಕ್ಕಿಗಳ ಪಟ್ಟಿ ಮಾಡಿದ ಬ್ರಿಟಿಷ್ ಸೇನಾಧಿಕಾರಿ ಸೈಕ್ಸ್. ಇನ್ನೊಂದು ಜಂಗಲ್ ಬುಷ್ ಕ್ವೇಲ್. ಎರಡೂ ದಾಯಾದಿಗಳಂತೆ ಜಾಗ ಹಂಚಿಕೊಂಡಿವೆ. ಕಲ್ಲುಮಡ್ಡಿಯದಕ್ಕೆ ಒಣ, ಕಲ್ಲು ತುಂಬಿದ, ಮುಳ್ಳುಕಂಟಿಯ ಬಯಲು ಬೇಕು. ಜಂಗಲ್ ಬುರ್ಲಿಗೆ ಇನ್ನಷ್ಟು ಹುಲ್ಲು, ಇನ್ನಷ್ಟು ಗಿಡ, ಒಣಕಾಡಿನ ಅಂಚು ಬೇಕು. ನಮ್ಮ ಜಿಲ್ಲೆಯಲ್ಲಿ ಎರಡೂ ಬಗೆಯ ನೆಲವಿದೆ. ಪಕ್ಕದ ಚಿಂಚೋಳಿಯ ಒಣಕಾಡು 2011ರಲ್ಲಿ ವನ್ಯಜೀವಿ ಧಾಮವಾಯಿತು, 134 ಚದರ ಕಿಲೋಮೀಟರಿಗೂ ಹೆಚ್ಚು. ಆದರೆ ಕಲ್ಲುಮಡ್ಡಿಗೆ ಧಾಮ ಎಂದು ಬೋರ್ಡ್ ಹಾಕುವವರು ಕಡಿಮೆ. ಅದು ಊರ ಗಾಯರಾಣ, ಪಾಳು, ಪಡ. ಅದನ್ನು ಕಾಯುವವರು ಊರಿನವರೇ.

ಇನ್ನೊಂದು ಇದೆ, ನೋಡಲು ಬುರ್ಲಿಯಂತೆಯೇ, ಆದರೆ ಕುಲವೇ ಬೇರೆ. ಕಾಲಿಗೆ ಮೂರೇ ಬೆರಳು, ಹಿಂದಿನ ಬೆರಳಿಲ್ಲ. ಇಂಗ್ಲಿಷಿನಲ್ಲಿ ಬಟನ್ ಕ್ವೇಲ್. ಇದರ ಹೆಣ್ಣು ಗಂಡಿಗಿಂತ ದೊಡ್ಡದು, ಬಣ್ಣವೂ ಹೆಚ್ಚು. ದೂರದಲ್ಲಿ ಯಾರೋ ಬೈಕ್ ಚಾಲೂ ಮಾಡಿದಂತೆ ಡ್ರ್ರ್ರ್ ಎಂದು ಕೂಗಿ ಗಂಡನ್ನು ಕರೆಯುವುದೂ ಹೆಣ್ಣೇ. ಮೊಟ್ಟೆಯಿಟ್ಟು ಹೆಣ್ಣು ಮುಂದೆ ಹೋಗುತ್ತದೆ, ಕಾವು ಕೊಟ್ಟು ಮರಿ ಸಾಕುವುದು ಗಂಡು. ಇದನ್ನು ಹೇಳಿದಾಗ ಕಾಕಾ ಅರೆಗಳಿಗೆ ಸುಮ್ಮನಿದ್ದು, "ನಮ್ಮ ಮನ್ಯಾಗ ಹೇಳಬ್ಯಾಡ್ರಿ ಇದನ್ನ" ಅಂದರು.

ಹಕ್ಕಿ ಕೇಳುವುದು ಏನನ್ನು?

ಅವತ್ತಿನಿಂದ ಎರಡು ಮಳೆಗಾಲ, ಎರಡು ಬೇಸಿಗೆ, ಬಿಡುವಾದಾಗಲೆಲ್ಲ ಆ ಮಡ್ಡಿಯಲ್ಲಿ ನಡೆದೆವು. ಕಲಬುರಗಿಯಿಂದ ಕತ್ತಲಿರುವಾಗಲೇ ಬೈಕ್ ಹತ್ತಿ, ಬೆಳಕು ಹರಿಯುವಾಗ ಕಾಕಾನ ಜೊತೆ. ನಾವು ವಿಜ್ಞಾನಿಗಳಲ್ಲ. ಹಕ್ಕಿ ಬಲ್ಲವರ ಪುಸ್ತಕ ಓದಿದೆವು, ಕಾಕಾ ಹೇಳಿದ್ದನ್ನು ಬರೆದುಕೊಂಡೆವು, ಎರಡನ್ನೂ ಜೋಡಿಸಿ ನೋಡಿದೆವು. ಬಹಳ ಕಡೆ ಎರಡೂ ಒಂದೇ ಮಾತು ಹೇಳುತ್ತಿದ್ದವು.

ಬುರ್ಲಿಗೆ ಮೊದಲು ಬೇಕಾದ್ದು ಕಾಳು. ಹುಲ್ಲಿನ ಬೀಜ, ಕಳೆಯ ಬೀಜ, ಹೊಲದಲ್ಲಿ ಉದುರಿದ ಸಜ್ಜೆ, ಜೋಳ. ಜೊತೆಗೆ ಗೆದ್ದಲು, ಸಣ್ಣ ಹುಳ. ಮರಿಗಳಿಗಂತೂ ಹುಳವೇ ಮುಖ್ಯ ಆಹಾರ. ಬೀಜ ಸಿಗಬೇಕಾದರೆ ಹುಲ್ಲು ತೆನೆ ಬಿಟ್ಟು ಒಣಗುವ ತನಕ ಉಳಿಯಬೇಕು.

ಎರಡನೆಯದು ಮರೆ. ಮೇಲೆ ಗಿಡುಗ, ಕೆಳಗೆ ಮುಂಗುಸಿ, ನರಿ, ಬೆಕ್ಕು. ಓಡಿ ನುಗ್ಗಲು ಒಂದು ಕಂಟಿ ಹತ್ತಿರವಿರಬೇಕು. ಬಾರಿಕಂಟಿಯಂತೆ ಕೊಂಬೆ ನೆಲ ಮುಟ್ಟುವಂತಿದ್ದರೆ ಚಲೋ. ನಡುಮಧ್ಯಾಹ್ನದ ಬಿಸಿಲಿಗೂ ಅದೇ ನೆರಳು. ಗೂಡೂ ಅಲ್ಲೇ: ಕಂಟಿಯ ಬುಡದಲ್ಲೋ ಹುಲ್ಲಿನ ಗಡ್ಡೆಯ ಬುಡದಲ್ಲೋ ನೆಲ ಕೆರೆದು, ನಾಲ್ಕು ಕಡ್ಡಿ ಹಾಸಿದರೆ ಗೂಡು.

ಮೂರನೆಯದನ್ನು ನಾವು ಪೂರ್ತಿ ಮರೆಯುತ್ತೇವೆ. ಅದು ಬರಿನೆಲ. ಬುರ್ಲಿ ನಡೆದು ಬದುಕುವ ಹಕ್ಕಿ. ಹುಲ್ಲು ಗೋಡೆಯಂತೆ ಒತ್ತಾಗಿ ಬೆಳೆದರೆ ಅದಕ್ಕೆ ನಡೆಯಲು ದಾರಿಯಿಲ್ಲ. ಹೆಬ್ಬೆರಳಷ್ಟಿರುವ ಮರಿ ಅದರೊಳಗೆ ಸಿಕ್ಕಿಬೀಳುತ್ತದೆ. ಹುಲ್ಲಿನ ಗಡ್ಡೆಗಳ ನಡುವೆ ಓಣಿಗಳಿರಬೇಕು. ಮೈಯ ಹೇನು ಕಳೆಯಲು ಪುಡಿಮಣ್ಣಿನಲ್ಲಿ ಹೊರಳಾಡಬೇಕು, ಅದಕ್ಕೂ ಬರಿನೆಲವೇ ಬೇಕು. ನಮ್ಮ ಕಣ್ಣಿಗೆ ಬೋಳು ಅನ್ನಿಸುವ ಜಾಗ ಬುರ್ಲಿಗೆ ರಸ್ತೆ, ಅಂಗಳ, ಬಚ್ಚಲು.

ಈ ಮೂರೂ ಹತ್ತಿರ ಹತ್ತಿರ ಇರಬೇಕು. ಎದ್ದಾಗ ಎಷ್ಟು ದೂರ ಹಾರುತ್ತವೆ ಎಂದು ಹೇಳಿದೆವಲ್ಲ, ಸ್ವಲ್ಪ ದೂರ, ಅಷ್ಟೇ. ದೂರದ ನಾಡಿಗೆ ವಲಸೆ ಹೋಗುವ ಹಕ್ಕಿಯಲ್ಲ ಇದು. ಹುಟ್ಟಿದ ಮಡ್ಡಿಯ ಆಸುಪಾಸಿನಲ್ಲೇ ಅದರ ಬದುಕು ಮುಗಿಯುತ್ತದೆ. ಮಡ್ಡಿ ಕೆಟ್ಟರೆ ಗುಳೆ ಹೋಗುವುದೂ ಅದಕ್ಕೆ ಸುಲಭವಲ್ಲ.

ಸಸಿ ಹಚ್ಚಿದ ಮೇಲೆ ಏನಾಯಿತು?

ಈಗ ಸಸಿ ಹಚ್ಚಿದ ಅರ್ಧ ಮಡ್ಡಿ ನೋಡಿ. ತಗ್ಗು ತೋಡುವ ಮುಂಚೆ ಜೆಸಿಬಿ ಬಂದು ಕಂಟಿಗಳನ್ನು ಕಿತ್ತಿತು, 'ಸ್ವಚ್ಛ' ಮಾಡಲು. ಮರೆ ಹೋಯಿತು. ತಗ್ಗಿನ ಮಣ್ಣು ಬಿದ್ದಲ್ಲಿ ಹುಲ್ಲು ಮುಚ್ಚಿತು, ಮುಚ್ಚದ ಕಡೆ ಸಸಿಯ ಸುತ್ತ ಕೆತ್ತಿ ತೆಗೆದರು. ಕಾಳು ಕಡಿಮೆಯಾಯಿತು. ಆಮೇಲೆ ಸಾಲು ಸಾಲು ಗಿಡ ಎದ್ದು ನಿಂತವು. ಬಯಲಿನ ನಡುವೆ ಎತ್ತರದ ಕೊಂಬೆ ಸಿಕ್ಕಿದರೆ ಕಾಗೆಗೂ ಗಿಡುಗಕ್ಕೂ ಕೂತು ನೋಡಲು ಕಟ್ಟೆ ಸಿಕ್ಕಂತೆ. ಬೇಲಿಯೊಳಗೆ ಕುರಿ ಬಿಡಲಿಲ್ಲ, ಹಾಗಾಗಿ ಕೆಲವು ಕಡೆ ಹುಲ್ಲು ಓಣಿಯೇ ಇಲ್ಲದಷ್ಟು ಒತ್ತಾಯಿತು. ಬಿಟ್ಟುಹೋದ ಒಂದು ಮೂಲೆಗೆ ಬಳ್ಳಾರಿ ಜಾಲಿ ಹಬ್ಬಿತು. ಅದರ ಕೆಳಗೆ ಹುಲ್ಲೂ ಇಲ್ಲ, ಬೀಜವೂ ಇಲ್ಲ.

ಹಸಿರು ಹೆಚ್ಚಾಯಿತು. ಬುರ್ಲಿ ಹೋಯಿತು. ಎರಡೂ ಖರೆ.

ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ 119 ಚದರ ಕಿಲೋಮೀಟರ್ ನೆಲವನ್ನು ಕೃಷ್ಣಮೃಗಕ್ಕಾಗಿ ಅಭಯಾರಣ್ಯ ಮಾಡಿದರು. ಅಲ್ಲಿ ಎರೆಭೂತವೂ ಇತ್ತು, ಸೊಂಟದ ತನಕ ಬರುವಷ್ಟು ಎತ್ತರದ ಬಯಲುಹಕ್ಕಿ. ಆದರೆ ಆ ನೆಲದ ದೊಡ್ಡ ಭಾಗದಲ್ಲಿ ನೀಲಗಿರಿ ಬೆಳೆಸಿದ್ದರು. ಗಿಡ ಬೆಳೆದಂತೆ ಬಯಲು ಕುಗ್ಗಿತು, ಎರೆಭೂತ ಅಲ್ಲಿಂದ ಕಾಣೆಯಾಯಿತು. ಗಿಡ ಹಚ್ಚಿದವರು ಕೆಟ್ಟವರಲ್ಲ. ಬಯಲನ್ನು ಖಾಲಿ ಜಾಗ ಅಂದುಕೊಂಡರು, ಅಷ್ಟೇ. ನಾವೂ ಅದನ್ನೇ ಅಂದುಕೊಂಡೆವು.

'ಬಂಜರು' ಎಂಬ ಪದ ಬರೀ ಪತ್ರಿಕೆಯಲ್ಲಿಲ್ಲ. ಕೇಂದ್ರ ಸರ್ಕಾರ 2000ದಲ್ಲಿ ಮೊದಲ ಬಾರಿ ತಂದ ಬಂಜರು ಭೂಮಿಯ ನಕಾಶೆ ಪುಸ್ತಕದಲ್ಲಿ ಕುರುಚಲು ಗಿಡದ ಬಯಲಿಗೂ ಒಂದು ಸಾಲು ಇತ್ತು. ಒಮ್ಮೆ ಆ ಪಟ್ಟಿಗೆ ಸೇರಿದ ನೆಲವನ್ನು ಯಾವುದಕ್ಕೆ ಕೊಟ್ಟರೂ ಯಾರೂ ಯಾಕೆ ಎಂದು ಕೇಳುವುದಿಲ್ಲ.

ಕೂಲಿಯ ಪ್ರಶ್ನೆ

ಕಳೆದ ವರ್ಷ ಉಳಿದ ಅರ್ಧ ಮಡ್ಡಿಯಲ್ಲೂ ತಗ್ಗು ತೋಡುವ ಕೆಲಸ ಗ್ರಾಮಸಭೆಗೆ ಬಂತು. ನಾವು ಹೋಗಿ ಕೂತೆವು. ಬುರ್ಲಿಯ ಬಗ್ಗೆ ಹೇಳಿದೆವು. ಚಿತ್ರ ತೋರಿಸಿದೆವು. ಸ್ವಲ್ಪ ಹೆಮ್ಮೆಯಿಂದಲೇ ಮಾತಾಡಿದೆವು ಅಂತ ಕಾಣುತ್ತದೆ.

ಹಿಂದಿನ ಸಾಲಿನಿಂದ ಒಬ್ಬ ಅಕ್ಕ ಎದ್ದರು. "ಹಕ್ಕಿಗಿ ಜಾಗಾ ಬೇಕು ಅಂತೀರಿ, ನಮಗ ಕೂಲಿ ಬ್ಯಾಡೇನ್ರೀ? ಹೋದ ಸಲ ಬ್ಯಾಸಿಗ್ಯಾಗ ಪುಣೆಕ ಗುಳೆ ಹೋಗೂದು ತಪ್ಪಿದ್ದೇ ಆ ತಗ್ಗು ತೋಡಿದ್ದಕ್ಕ. ನೀವು ಬೈಕ್ ಮ್ಯಾಲ ಬರ್ತೀರಿ, ಫೋಟೋ ಹೊಡ್ಕೊಂಡು ಕಲಬುರಗಿಗಿ ಹೋಗ್ತೀರಿ."

ನಮ್ಮ ಬಾಯಿ ಕಟ್ಟಿತು. ಅವರು ಹೇಳಿದ್ದು ಸುಳ್ಳಲ್ಲ. ಉದ್ಯೋಗ ಖಾತ್ರಿಯ ಕೂಲಿ ಆ ಮನೆಗಳಿಗೆ ಬೇಸಿಗೆಯ ರೊಟ್ಟಿ. ಹಕ್ಕಿಯ ಹೆಸರಿನಲ್ಲಿ ಅದನ್ನು ತಪ್ಪಿಸಿದರೆ ನಾವು ಎರಡನೆಯ ತಪ್ಪು ಮಾಡಿದಂತೆ.

ಮಾತು ಮುಂದೆ ತಂದವರು ಕಾಕಾ. ಅವರು ಹಕ್ಕಿಯಿಂದ ಶುರು ಮಾಡಲಿಲ್ಲ, ಕುರಿಯಿಂದ ಶುರು ಮಾಡಿದರು. "ಮಡ್ಡಿ ಪೂರಾ ಬೇಲಿ ಬಿದ್ರ ನನ್ನ ಕುರಿ ಎಲ್ಲಿಗಿ ಒಯ್ಯಲಿ? ಕೆಲಸ ಬ್ಯಾಡ ಅನ್ನಂಗಿಲ್ಲ ನಾನು. ಕೆರ್ಯಾಗ ಹೂಳ ತುಂಬ್ಯಾದ, ಅದನ್ನ ತಗೀರಿ. ನಾಲಾ ದಂಡಿಗಿ ಗಿಡ ಹಚ್ಚರಿ, ನೀರರ ಸಿಗ್ತದ ಅವಕ್ಕ. ಕಲ್ಲಾಗ ಹಚ್ಚಿ ಒಣಗಿಸೂದ್ಯಾಕ?"

ಬಹಳ ಹೊತ್ತು ಜಗಳವಾಯಿತು. ಕೊನೆಗೆ ಕೆರೆಯ ಹೂಳು, ನಾಲೆಯ ದಂಡೆ, ಹೊಲದ ಒಡ್ಡು, ಈ ಮೂರು ಕೆಲಸ ಬರೆದುಕೊಂಡರು. ಮಡ್ಡಿಯ ಒಂದು ಪಟ್ಟಿಯಲ್ಲಿ, ರಸ್ತೆಯ ಬದಿಗೆ, ಸಸಿ ಹಚ್ಚುವುದು ಎಂದಾಯಿತು. ಉಳಿದದ್ದು ಹಾಗೇ. ನಾವು ಗೆದ್ದೆವು ಅನ್ನಲಾರೆವು. ಮುಂದಿನ ವರ್ಷ ಮತ್ತೆ ಯಾವುದೋ ಯೋಜನೆ ಬರಬಹುದು. ಆದರೆ 'ಬಂಜರು' ಎಂಬ ಪದ ಆ ಸಭೆಯ ನಡಾವಳಿಯಲ್ಲಿ ಬರಲಿಲ್ಲ. 'ಕುರಿ ಮೇಯುವ ಮಡ್ಡಿ' ಎಂದು ಬರೆದರು. ಬರೆಸಿದವರು ಅದೇ ಅಕ್ಕ. ಅವರ ಮನೆಯಲ್ಲೂ ನಾಲ್ಕು ಆಡಿವೆಯಂತೆ.

ನೀವು ಮಾಡಬಹುದಾದ್ದು

ಬುರ್ಲಿಗಾಗಿ ಯಾರೂ ಹೊಲ ಬಿಡಬೇಕಿಲ್ಲ. ಸಣ್ಣ ಕೆಲಸಗಳು ಸಾಕು.

ಒಡ್ಡಿನ ಹುಲ್ಲಿಗೆ ಕಳೆನಾಶಕ ಹೊಡೆಯಬೇಡಿ. ಕೊಯ್ದು ದನಕ್ಕೆ ಹಾಕಿ. ಆದರೆ ತೆನೆ ಬಿಟ್ಟು ಬೀಜ ಉದುರಿದ ಮೇಲೆ ಕೊಯ್ಯಿರಿ. ಎರಡು ಮಡ್ಡಿಯ ನಡುವೆ ಹೊಲಗಳಿದ್ದರೆ ಆ ಒಡ್ಡೇ ಹಕ್ಕಿಯ ಕಾಲುದಾರಿ.

ಒಡ್ಡಿನ ಮೇಲಿನ ಬಾರಿಕಂಟಿ ಎಲ್ಲವನ್ನೂ ಕಡಿಯಬೇಡಿ. ಅಲ್ಲಲ್ಲಿ ಒಂದೊಂದು ಬಿಡಿ. ಹಣ್ಣು ಮಕ್ಕಳಿಗೆ, ಮರೆ ಬುರ್ಲಿಗೆ.

ಬೇಸಿಗೆಯಲ್ಲಿ ಮಡ್ಡಿಗೆ ಬೆಂಕಿ ಹಚ್ಚಬೇಡಿ. ಹೊಸ ಹುಲ್ಲು ಚಲೋ ಬರುತ್ತದೆ ಎನ್ನುತ್ತಾರೆ. ಮಳೆಗಾಲದ ತನಕ ಉಳಿಯಬೇಕಾದ ಬೀಜವೂ ಮರೆಯೂ ಒಂದೇ ಸಂಜೆಗೆ ಬೂದಿಯಾಗುತ್ತವೆ.

ಕುರಿಯನ್ನು ಪೂರ್ತಿ ತಡೆಯಬೇಡಿ, ಒಂದೇ ಕಡೆ ದಿನವೂ ಬಿಡಬೇಡಿ. ಒಂದು ಕಡೆ ಮೇಯಿಸಿ, ಇನ್ನೊಂದು ಕಡೆ ಹುಲ್ಲು ಏಳಲು ಬಿಡಿ. ಓಣಿಯೂ ಬೇಕು, ಗಡ್ಡೆಯೂ ಬೇಕು.

ರಾಶಿ ಮಾಡುವಾಗ, ಹುಲ್ಲು ಕೊಯ್ಯುವಾಗ ಗೂಡು ಕಂಡರೆ ಸುತ್ತ ನಾಲ್ಕು ಮಾರು ಬಿಟ್ಟು ಮುಂದೆ ಹೋಗಿ. ಅಷ್ಟು ಹುಲ್ಲು ಹದಿನೈದಿಪ್ಪತ್ತು ದಿನ ತಡವಾಗಿ ಕೊಯ್ದರೆ ನಷ್ಟವೇನಿಲ್ಲ.

ಬಲೆ ಹಾಕಬೇಡಿ. ಬುರ್ಲಿ, ಗೌಜಲಕ್ಕಿ ಹಿಡಿಯುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ತಿನ್ನಲು ಬೇಕಾದರೆ ಫಾರಂನಲ್ಲಿ ಸಾಕುವ ಜಪಾನಿ ಲಾವಕ್ಕಿ ಬೇರೆ ಇದೆ.

ಮತ್ತು ಗಿಡ ಹಚ್ಚಿ. ಖಂಡಿತ ಹಚ್ಚಿ. ಮನೆ ಮುಂದೆ, ಶಾಲೆಯ ಅಂಗಳದಲ್ಲಿ, ರಸ್ತೆಯ ಬದಿ, ನಾಲೆಯ ದಂಡೆ, ಹಿಂದೆ ಗಿಡ ಇದ್ದು ಕಡಿದ ಜಾಗ. ಮಡ್ಡಿಗೆ ಹೋಗುವ ಮುಂಚೆ ಮಾತ್ರ ಅಲ್ಲಿ ಕುರಿ ಕಾಯುವವರನ್ನು ಒಂದು ಮಾತು ಕೇಳಿ. ಇಲ್ಲಿ ಏನಿದೆ ಎಂದು ಅವರಿಗೆ ಗೊತ್ತಿರುತ್ತದೆ.

ತಿದ್ದುಪಡಿ

ಪತ್ರಿಕೆಯಲ್ಲಿ ತಪ್ಪಾದರೆ ಮರುದಿನ ಮೂಲೆಯಲ್ಲಿ ತಿದ್ದುಪಡಿ ಹಾಕಬೇಕು ಎಂದು ನಮಗೆ ತರಗತಿಯಲ್ಲಿ ಕಲಿಸಿದ್ದರು. ನಾವು ನಾಲ್ಕು ವರ್ಷ ತಡ ಮಾಡಿದ್ದೇವೆ. ನಮ್ಮ ಹಳೆಯ ವರದಿ ನಿಮ್ಮ ಮೊಬೈಲಿನಲ್ಲಿ ಇನ್ನೂ ಉಳಿದಿದ್ದರೆ, 'ಬಂಜರು' ಎಂದಿರುವಲ್ಲಿ ದಯವಿಟ್ಟು 'ಮಡ್ಡಿ' ಎಂದು ಓದಿಕೊಳ್ಳಿ.

ಹೋದ ತಿಂಗಳು ಕಾಕಾ ಫೋನ್ ಮಾಡಿದ್ದರು. ಸಸಿ ಹಚ್ಚಿದ ಕಡೆ ಬೇಲಿ ಮುರಿದು ಕುರಿ ಓಡಾಡುತ್ತಿವೆ, ಅಂಚಿನಲ್ಲಿ ಎರಡು ಬಾರಿಕಂಟಿ ಮತ್ತೆ ಚಿಗುರಿವೆ ಎಂದರು. ಬುರ್ಲಿ ಬಂತೇ ಎಂದು ಕೇಳಿದೆವು.

"ಇನ್ನಾ ಇಲ್ಲ ತಮ್ಮಾ. ಕಂಟಿ ದೊಡ್ಡದಾಗ್ಲಿ, ನೋಡೂಣು."